ಕಾಜಾ ಅಕ್ಕನ ನೋವು, ಗಂಡನ ಬಾಯಿ

ಅಂಗಿಗಳಿಗೆ ಗುಂಡಿ ತೂರುವ ಕಾಜಾ ಹೊಲಿಯುವುದೇ ಕಸುಬಾದ್ದರಿಂದ ಬೀದಿಗೆಲ್ಲ ಆಕೆ ಕಾಜಾ ಅಕ್ಕ. ಆಕೆಯ ಅಜ್ಜಿಗೆ ದವಡೆ, ಬೆನ್ನು ಎಳೆದು ನೋಯುತ್ತಿದ್ದಾಗ ಅಂದಿನ ವೈದ್ಯರು ಗರ್ಭಕೋಶದ ಚೇಷ್ಟೆ ಎಂದಿದ್ದರು. ಅಮ್ಮನಿಗೆ ಬಂದಾಗ ನರದೌರ್ಬಲ್ಯ ಎಂದರು. ಇಬ್ಬರೂ ಅದರಲ್ಲೇ ಹೋದರು. ಈಗ ಅದೇ ನೋವು ಅಕ್ಕನಿಗೆ ಬಂತು. ಅಷ್ಟರಲ್ಲಿ ವೈದ್ಯಶಾಸ್ತ್ರ ಬಹಳ ಮುಂದುವರಿದಿತ್ತು. ಹಾಗಾಗಿ ಈಕೆಗೆ ‘ಟೆನ್ಷನ್’ ಎಂಬ ಹೊಸ ಹೆಸರು ಸಿಕ್ಕಿತು.

“ಮನೇಲಿ ಏನಾದ್ರೂ ಜಗಳಾನಾ?” ಎಂದು ಡಾಕ್ಟರು ಕೇಳಿದ್ದೂ ಅವಳನ್ನಲ್ಲ, ಪಕ್ಕದಲ್ಲಿದ್ದ ಗಂಡನನ್ನು. ಗೋಡೆಯ ಮೇಲೆ ಹೃದಯಾಘಾತದ ಚಿತ್ರಪಟ. ಎದೆ ಹಿಡಿದು ಕುಸಿಯುತ್ತಿರುವ ಮೀಸೆಯವನೊಬ್ಬ. ಅಕ್ಕನ ಕಾರ್ಖಾನೆಯಲ್ಲೂ ಹೀಗೇ. ಗಂಡಸರ ಅಳತೆಯನ್ನೇ ಕೊಂಚ ಕುಗ್ಗಿಸಿ ಹೆಂಗಸರ ಅಂಗಿ ಎಂದು ಮಾರುತ್ತಿದ್ದರು. ಬಿಗಿಯಾದರೆ ತಪ್ಪು ತೊಟ್ಟವಳದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಅಕ್ಕ ಬೇಕೆಂದೇ ಆಚರಣೆಗೆ ತಂದಳು.

“ರೀ, ನನ್ನ ನೋವನ್ನ ನಿಮ್ದು ಅಂತ ಹೇಳಿ. ಮಾತ್ರೆ ಕೊಟ್ರೆ ನಾನು ನುಂಗ್ತೀನಿ.”

ಗಂಡ ಬಸ್ ಡಿಪೋದ ಕಾವಲುಗಾರ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಸಾಧುಪ್ರಾಣಿ. ಸಂಜೆಯಿಡೀ ಪಾಠ ಒಪ್ಪಿಸಿ, ಮರುದಿನ ಹೆಂಡತಿಯ ಜೊತೆ ಹೋದ.

“ದವಡೆ ಎಳೆಯುತ್ತೆ, ಬೆನ್ನು…” ಎನ್ನುವಷ್ಟರಲ್ಲಿ ಡಾಕ್ಟರು ಕುರ್ಚಿ ಬಿಟ್ಟೆದ್ದರು. ಇದೇ ಮಾತು ಮೊನ್ನೆಯಷ್ಟೇ ಅವರ ಕಿವಿಗೆ ಬಿದ್ದಿತ್ತು, ಆದರೆ ಹೆಣ್ಣುದನಿಯಲ್ಲಿ. ಗಾಲಿಕುರ್ಚಿ ಬಂತು. ನರ್ಸ್ ಅವನನ್ನು ಪಕ್ಕದ ಕೋಣೆಯ ಗಾಲಿಮಂಚದ ಮೇಲೆ ಮಲಗಿಸಿ ಇಸಿಜಿ ಯಂತ್ರ ತರಲು ಓಡಿದಳು. ಅಕ್ಕನಿಗೆ ಒಂದು ಸ್ಟೂಲು. ಈ ರಾಜೋಪಚಾರ ಕಂಡು ಅವಳಿಗೆ ನಗು ಬಂತು, ನಗುವಿನ ಬೆನ್ನಿಗೇ ನೋವೂ ಬಂತು. ಮುಖ ಬಿಳಿಚಿಕೊಂಡು ಕುತ್ತಿಗೆಯಲ್ಲಿ ಬೆವರಿಳಿಯಿತು.

“ಗಾಬರಿಯಾಗ್ಬೇಡಿ ಅಮ್ಮಾ, ನಿಮ್ಮ ಯಜಮಾನ್ರಿಗೆ ಏನೂ ಆಗಲ್ಲ,” ಎಂದಳು ಯಂತ್ರ ತಂದ ನರ್ಸ್.

ಗಂಡ ಮಂಚದಿಂದ ಜಿಗಿದ. ಹೆಂಡತಿಯನ್ನು ಎತ್ತಿ ಮಲಗಿಸಿ, “ತಂತಿ ಇವಳಿಗೆ ಹಚ್ಚಮ್ಮಾ! ನೋವು ಇವಳದು, ಬಾಯಿ ಮಾತ್ರ ನಂದು!” ಎಂದು ಕಿರುಚಿದ. ನರ್ಸ್ ತಬ್ಬಿಬ್ಬಾಗಿ ಹಚ್ಚಿದಳು. ಯಂತ್ರದ ಪಟ್ಟಿ ಗಂಡನ ಹೆಸರಿನಲ್ಲೇ ಡಾಕ್ಟರ ಕೈ ಸೇರಿತು.

“ಅಯ್ಯೋ, ಈತನ ರಕ್ತನಾಳ ಕಟ್ಟಿದೆ! ತಡ ಮಾಡ್ಬೇಡಿ!” ಎನ್ನುತ್ತ ಓಡಿಬಂದ ಡಾಕ್ಟರು ಮಂಚದ ಮೇಲೆ ಅಕ್ಕನನ್ನು ಕಂಡು ನಿಂತರು. ಪಟ್ಟಿ ನೋಡಿದರು, ಅವಳನ್ನು ನೋಡಿದರು.

“ಇವರದಾ? ಹಾಗಾದ್ರೆ ಇನ್ನೊಂದ್ಸಲ ತೆಗೆದು ನೋಡೋಣ. ಟೆನ್ಷನ್‌ಗೂ ಹೀಗೆ…”

“ನಂದೇ ಅಂದ್ಕೊಳ್ಳಿ ಸ್ವಾಮೀ!” ಎಂದು ಗಂಡ ತಾನೇ ಮಂಚವನ್ನು ತುರ್ತು ಚಿಕಿತ್ಸೆಯ ಕೋಣೆಯತ್ತ ತಳ್ಳತೊಡಗಿದ. ಆ ಬಡಪಾಯಿ ಜನ್ಮದಲ್ಲಿ ಮೊದಲ ಬಾರಿಗೆ ಅಳುತ್ತಿದ್ದ.

ಅಕ್ಕ ಉಳಿದಳು. ಅಜ್ಜಿಗೂ ಅಮ್ಮನಿಗೂ ಸಿಗದ ವಯಸ್ಸು ಅವಳಿಗೆ ಸಿಕ್ಕಿತು. ಈಗ ಬೀದಿಯ ಹೆಂಗಸರು ಮೈಗೆ ಹುಷಾರಿಲ್ಲದಾಗ ತಮ್ಮ ಗಂಡಂದಿರನ್ನು ಅವಳ ಬಳಿ ಪಾಠಕ್ಕೆ ಕಳಿಸುತ್ತಾರೆ.

ಮೊನ್ನೆ ಎದುರುಮನೆಯ ಒಂಟಿ ಹೆಂಗಸು ಬೆನ್ನು ಹಿಡಿದುಕೊಂಡು ಬಂದಳು. “ನನ್ನ ನೋವನ್ನ ಯಾರು ಹೇಳ್ತಾರಕ್ಕಾ?”

ಕಾಜಾ ಅಕ್ಕ ಸೂಜಿಯಿಂದ ತಲೆಯೆತ್ತಿ ಒಳಕ್ಕೆ ಕೂಗಿದಳು: “ರೀ, ಅಂಗಿ ಹಾಕ್ಕೊಳ್ಳಿ. ಇವಳಿಗೆ ಬೆನ್ನುನೋವಂತೆ.”