ಗೇಟಿನ ಹೊರಗಿನ ಆಯುಧಪೂಜೆ

ದಾನೇಶ್ವರಿಯನ್ನು ಈಗ ಜನ ಹೂಡಿಕೆದಾರರು ಎನ್ನುತ್ತಾರೆ. ಆ ಮಾತು ಅವಳ ಅವ್ವ ಮಲಕವ್ವನ ಬಾಯಿಗೆ ಇನ್ನೂ ಹತ್ತಿಲ್ಲ. "ನನ್ ಮಗಳು ಮಂದಿಗೆ ಕಂಪನಿ ಹಚ್ಚಿ ಕೊಡ್ತಾಳ" ಎಂದು ಊರವರಿಗೆ ಹೇಳಿ ಮುಗಿಸುತ್ತಾಳೆ. ಯಾದಗಿರಿ ಕಡೆಯಿಂದ ಬಂದು ವೈಟ್‌ಫೀಲ್ಡಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವಳು ಮಲಕವ್ವ. ಮಗಳು ಬೆಳೆದದ್ದು ಕಾಡುಗೋಡಿಯ ತಗಡಿನ ಶೆಡ್ಡಿನಲ್ಲಿ.

ಡಿಪ್ಲೊಮಾ ಮುಗಿಸಿದ ದಾನೇಶ್ವರಿ ಪೀಣ್ಯದಲ್ಲಿ ಕೋಣೆ ಹಿಡಿದು, ಯಂತ್ರ ಬಿಸಿಯೇರಿದರೆ ಮಾಲೀಕನ ಫೋನಿಗೆ ಸುದ್ದಿ ಮುಟ್ಟಿಸುವ ಸಾಧನ ಮಾಡಿದಳು. ಕಂಪನಿ ಬೆಳೆಯಿತು. ದೊಡ್ಡವರ ಬಂಡವಾಳ ಬಂತು, ಅದರ ಬೆನ್ನಿಗೇ ದೊಡ್ಡವರ ಬುದ್ಧಿವಾದವೂ ಬಂತು. ಕೊನೆಗೊಂದು ದಿನ ಮೀಟಿಂಗಿನಲ್ಲಿ ಕೈ ಎತ್ತಿ ಮತ ಹಾಕಿ ಅವಳನ್ನೇ ಹೊರಗೆ ಕಳಿಸಿದರು. ಆ ವರ್ಷದ ಆಯುಧಪೂಜೆಗೆ ಅವಳು ತಾನು ಕಟ್ಟಿದ ಫ್ಯಾಕ್ಟರಿಯ ಗೇಟಿನೆದುರು ನಿಂತಿದ್ದಳು. ಕೈ ಎತ್ತಿದವರಲ್ಲೇ ಒಬ್ಬರು ಬಂದು ಒಳಗೆ ಕರೆದರು. ಹೋಗಲಿಲ್ಲ. ಒಳಗೆ ಬೂದುಗುಂಬಳಕಾಯಿ ಒಡೆದ ಸದ್ದು ಕೇಳಿದಾಗ ಅಳುತ್ತಲೇ ಬಸ್ಸು ಹತ್ತಿದಳು.

ಪಾಲು ಮಾರಿ ಬಂದ ದುಡ್ಡನ್ನು ತನ್ನಂಥವರ ಕಂಪನಿಗಳಿಗೆ ಹಾಕತೊಡಗಿದಳು. ಮೊದಲನೆಯವನು ಅಂಜನ್, ಹೆಬ್ಬಗೋಡಿಯ ಬಾಡಿಗೆ ಶೆಡ್ಡಿನಲ್ಲಿ ಸ್ಕೂಟರ್ ಬ್ಯಾಟರಿ ಮಾಡುತ್ತಿದ್ದ ತರುಣ. ಅವನಿಗೆ ಗೇಟಿನ ಕಥೆಯನ್ನೆಲ್ಲ ಹೇಳಿ, "ನಾನಿರೋವರ್ಗೂ ನಿನ್ ಕುರ್ಚಿ ಯಾರೂ ಮುಟ್ಟಲ್ಲ ಕಣೋ" ಎಂದಿದ್ದಳು.

ಅಂಜನ್ ದುಡಿಮೆಗಾರ, ಆದರೆ ಮಹಾ ಹಟಮಾರಿ. ಬಿಸಿಯೇರುತ್ತವೆಂದು ವಾಪಸು ಬಂದ ಬ್ಯಾಟರಿಗಳಲ್ಲಿ ದೋಷವೇ ಇಲ್ಲವೆಂದು ವಾದಿಸಿದ. ಬಿಸಿಯ ವಿಚಾರ ಹೇಳಲು ಅವಳಿಗಿಂತ ಬೇರೆಯವರು ಬೇಕೆ? ವರ್ಷವಿಡೀ ಗೋಗರೆದಳು, ಬೈದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಿರಾಕಿಗಳು ಕೈಬಿಟ್ಟರು, ಕೆಲಸಗಾರರ ಸಂಬಳ ನಿಂತಿತು. ಹೊಸದಾಗಿ ಹಣ ಹಾಕಲು ಬಂದವರದು ಒಂದೇ ಷರತ್ತು: ಅಂಜನ್ ಕುರ್ಚಿಯಿಂದ ಇಳಿಯಬೇಕು. ಇಲ್ಲವಾದರೆ ಶೆಡ್ಡಿಗೆ ಬೀಗ. ಮೀಟಿಂಗಿನಲ್ಲಿ ಎಲ್ಲರ ಕಣ್ಣೂ ದಾನೇಶ್ವರಿಯ ಮೇಲೆ. ಅಂಜನ್ ಮುಖ ನೋಡದೆ ಅವಳು ಕೈ ಎತ್ತಿದಳು.

ಅದಾದ ಕೆಲವೇ ದಿನಕ್ಕೆ ಆಯುಧಪೂಜೆ. ಶೆಡ್ಡಿನ ಯಂತ್ರಗಳಿಗೆ ಕುಂಕುಮ, ಚೆಂಡುಹೂವು, ಬಾಗಿಲಿಗೆ ಬಾಳೆಕಂದು ಎಲ್ಲ ಆಗಿತ್ತು. ಪ್ರತಿವರ್ಷ ಕುಂಬಳಕಾಯಿ ಒಡೆಯುತ್ತಿದ್ದವನು ಅಂಜನ್. ಹಿರಿಯ ಕೆಲಸಗಾರ ಸಂಗಮೇಶ್ ಅವಳ ಬಳಿಗೆ ಬಂದು ದನಿ ತಗ್ಗಿಸಿದ. "ಅಂಜನ್ ಸರ್ ಗೇಟ್ ಹೊರಗ ನಿಂತಾರ್ರೀ ಮೇಡಂ. ನಾವ್ ಕರದ್ರ ಬರವಲ್ರು."

ಅವಳೇ ಹೋದಳು. "ಒಳಗ್ ಬಾರೋ. ಕಾಯಿ ನೀನೇ ಒಡೀಬೇಕು. ಎಲ್ಲಾ ಕಾಯ್ತಿದಾರೆ."

ಅವನು ಜಗಳಕ್ಕೆ ನಿಲ್ಲಲಿಲ್ಲ. ಕಣ್ಣು ಮಾತ್ರ ಕೆಂಪಾಗಿತ್ತು. "ಅವತ್ತು ನಿಮ್ಮನ್ನೂ ಕರೆದ್ರಲ್ಲಾ ಅಕ್ಕ. ನೀವ್ಯಾಕೆ ಹೋಗ್ಲಿಲ್ಲ?"

ಉತ್ತರ ಅವಳಿಗೆ ಗೊತ್ತಿತ್ತು. ತಾನು ಮಾಡಿದ್ದು ಸರಿ ಎಂದು ಎಷ್ಟು ಸಲ ಹೇಳಿಕೊಂಡರೂ ಎದೆ ಒಪ್ಪಲೊಲ್ಲದು. ಒಂಟಿಯಾಗಿಯೇ ಒಳಗೆ ಬಂದಳು. ಸಂಗಮೇಶ್ ಕುಂಬಳಕಾಯಿಯನ್ನು ಅವಳ ಕೈಗಿಟ್ಟ. ಗೇಟಿನಾಚೆ ಅಂಜನ್ ಇನ್ನೂ ನಿಂತೇ ಇದ್ದ. ಸದ್ದಾಗದ ಹಾಗೆ ಮೆಲ್ಲಗೆ ಒಡೆಯೋಣವೆಂದರೆ, ಕುಂಬಳಕಾಯಿ ಮೆಲ್ಲಗೆ ಒಡೆಯುವಂಥದ್ದಲ್ಲ.