ಫಿಟ್ಟರ್ ಮಾಮ ಕೇಳಿದ ಎರಡು ಪ್ರಶ್ನೆ

ಹೋದ ವಾರ ಕಾರಟಗಿಯ ಡೀಸೆಲ್ ಬಂಕಿನ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಕೈ ತೊಳೆಯುತ್ತಿದ್ದ. ಮೊದಲು ಡೀಸೆಲ್, ಆಮೇಲೆ ಬಟ್ಟೆ ಸೋಪಿನ ಪುಡಿ, ಕಡೆಗೆ ಒಂದು ಹಿಡಿ ತೌಡು. ಆ ಮೂರೂ ಕೂಡಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಿಂತುಬಿಟ್ಟೆ. ನಮ್ಮ ಫಿಟ್ಟರ್ ಮಾಮನ ಕೈಗಳು ಹೀಗೇ ನಾರುತ್ತಿದ್ದವು... ಎರಡೂ ಕೈ ಇದ್ದಾಗ.

ನಾನು ಐದನೇ ತರಗತಿಗೆ ಸಾಲಿ ಬಿಟ್ಟವನು. ಹೇಳಿಕೊಳ್ಳಲು ನಾಚಿಕೆಯಿಲ್ಲ. ಹನ್ನೆರಡು ವರ್ಷ ಮಂದಿಯ ಭತ್ತ ಕೊಯ್ಯುವ ಮಷಿನ್ ಮೇಲೆ ಮೈ ಸುಟ್ಟುಕೊಂಡು, ನನ್ನದೇ ಒಂದು ಮಷಿನ್ ಅಂಗಳಕ್ಕೆ ತಂದು ನಿಲ್ಲಿಸಿದವನು. ಅದು ಕೆಟ್ಟರೆ ಫಿಟ್ಟರ್ ಮಾಮನೇ ಬರಬೇಕು. ರಕ್ತಸಂಬಂಧವೇನಲ್ಲ. ಅವನು ಅಳಿಯಾ ಅನ್ನುತ್ತಿದ್ದ, ನಾನು ಮಾಮಾ ಅನ್ನುತ್ತಿದ್ದೆ, ಅಷ್ಟೇ. ಅವನದೊಂದು ಕಟ್ಟುನಿಟ್ಟು ಇತ್ತು. ಮಷಿನ್ ಹೊಟ್ಟೆಯೊಳಗೆ ಕೈ ಹಾಕುವ ಮೊದಲು ಚಾವಿ ಕೇಳಿ ಪಡೆದು ತನ್ನ ಉಡದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ಚಾವಿ ಅವನ ಸೊಂಟ ಸೇರಿತೆಂದರೆ ಮುಗೀತು, ಇಂಜಿನ್ ಏಳುವ ಮಾತಿಲ್ಲ. ಒಳಗೆ ಭತ್ತ ಬಡಿಯುವ ಡ್ರಮ್ ತಿರುಗಿಸುವ ಲಿವರ್ ಹಾಕಿದೆಯೋ ತೆಗೆದಿದೆಯೋ ಎಂದು ಯಾರೂ ನೋಡುತ್ತಿರಲಿಲ್ಲ. ನಮ್ಮ ಕಡೆಯ ಮಷಿನ್‌ನವರಿಗೆಲ್ಲ ಅದೇ ರೂಢಿಯಾಗಿತ್ತು.

ಒಂದು ವರ್ಷ ನಮ್ಮ ಕಡೆಗೆ ಒಂದು ಕಂಪನಿ ಬಂತು. ಕಲ್ಯಾಣ ಮಂಟಪದಲ್ಲಿ ನಮ್ಮನ್ನೆಲ್ಲ ಕೂಡಿಸಿ ಅಂಗೈಯಗಲದ ಒಂದು ಡಬ್ಬಿ ತೋರಿಸಿದರು. ಅದನ್ನು ಮಷಿನ್‌ಗೆ ಕೂಡಿಸಿದರೆ ಕೆಲಸ ಫೋನಿಗೇ ಬರುತ್ತದೆ, ಮಷಿನ್ ಎಲ್ಲಿದೆ ಎಂದು ತಿಳಿಯುತ್ತದೆ, ದೂರದಿಂದಲೇ ನಿಲ್ಲಿಸಬಹುದು, ಚಾಲೂ ಮಾಡಬಹುದು. ಎಲ್ಲವೂ ಪುಕ್ಕಟೆ. "ನಮ್ಮದು ಹತ್ತು ವರ್ಷದ ಯೋಜನೆ. ಸದ್ಯಕ್ಕೆ ಲಾಭದ ಮಾತೇ ಇಲ್ಲ. ಮೊದಲು ಎಲ್ಲ ಮಷಿನ್‌ಗಳೂ ನಮ್ಮ ಜೊತೆ ಬರಲಿ" ಎಂದ ಕಂಪನಿಯ ಸಾಹೇಬ.

ಹಿಂದಿನ ಸಾಲಿನಿಂದ ಮಾಮ ಎದ್ದ.

"ಸಾಹೇಬ್ರ, ಎಲ್ಲಾ ಬಂದ ಮ್ಯಾಲೆ ಏನ್ ಮಾಡ್ತೀರಿ? ಅದನ್ನ ಮೊದಲ ಹೇಳ್ರಿ."

"ಹಿರಿಯರಿಗೆ ಇನ್ನೊಂದು ಚಹಾ ಕೊಡ್ರಪ್ಪಾ."

"ಚಹಾ ಕುಡದೇನ್ರಿ. ಮೂಗುದಾರ ಹಾಕೂ ದಿನ ಎತ್ತಿಗೆ ಎಲ್ಲಾರೂ ಹಸಿ ಹುಲ್ಲ ಹಾಕ್ತಾರ."

ಮಂಟಪವೆಲ್ಲ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಮೊದಲ ಡಬ್ಬಿ ನನ್ನ ಮಷಿನ್‌ಗೇ ಕೂಡಿಸಿದರು, ಹಾರ ಹಾಕಿ ಫೋಟೊ ತೆಗೆದರು.

ಮೂರನೇ ದಿನ ಮಾಮ ಸುತ್ತಿಗೆ ಹಿಡಿದು ಬಂದ. ಮಷಿನ್ ಹತ್ತಿದ, ಒಂದೇ ಏಟಿಗೆ ಡಬ್ಬಿ ಪುಡಿ ಮಾಡಿ ಇಳಿದ. ನನ್ನ ಕೈಗೆ ಜಾಕಿನ ರಾಡು ಸಿಕ್ಕಿತು. ಮೊದಲ ಏಟು ಹೆಗಲಿಗೆ, ಎರಡನೆಯದು ಬಾಯಿಗೆ. ಬಿದ್ದ ಮೇಲೂ ಬಿಡಲಿಲ್ಲ, ಪಕ್ಕೆಗೆ ಒದ್ದೆ. ಡಬ್ಬಿ ಹಾಕಿಸಿದ್ದ ಇನ್ನಿಬ್ಬರೂ ಓಡಿ ಬಂದು ಒದ್ದರು. ಎದುರಿನ ಚಹಾದಂಗಡಿಯ ಮುಂದೆ ಇಪ್ಪತ್ತು ಜನ ನಿಂತಿದ್ದರು, ಒಬ್ಬರೂ ಬಿಡಿಸಲಿಲ್ಲ. ಮಾಮ ಎದ್ದು ಕೂತ, ರಕ್ತದ ಜೊತೆ ಒಂದು ಹಲ್ಲು ಉಗುಳಿ ಅದನ್ನೇ ನೋಡಿದ.

"ಮೂರ ಮಂದಿ ಕೂಡಿ ಇಷ್ಟೊತ್ತಾತೇನ್ಲೇ ಅಳಿಯಾ? ನಾ ಒಂದ ಏಟಿಗೆ ಮುಗಿಸಿದ್ನೆಲ್ಲ."

ಕಂಪನಿ ಹೊಸ ಡಬ್ಬಿ ಹಾಕಿಕೊಟ್ಟಿತು. ಹತ್ತು ಹನ್ನೆರಡು ದಿನ ಕಳೆದಿರಬೇಕು... ನಟ್ಟನಡು ಗದ್ದೆಯಲ್ಲಿ ಹಸಿ ಹುಲ್ಲು ಡ್ರಮ್ಮಿಗೆ ಸುತ್ತಿಕೊಂಡು ಮಷಿನ್ ನಿಂತಿತು. ಮೇಲೆ ಮೋಡ. ಕಂಪನಿಯ ಮೆಕ್ಯಾನಿಕ್ ನಾಳೆ ಬರುತ್ತಾನೆಂದರು. ಗದ್ದೆಯ ಯಜಮಾನ ನನ್ನನ್ನು ಕೇಳದೆ ಗಾಡಿ ಹತ್ತಿ ಹೋಗಿ ಮಾಮನನ್ನು ಕರೆತಂದ. ಮಾಮನ ತುಟಿಯ ಬಾವು ಇನ್ನೂ ಇಳಿದಿರಲಿಲ್ಲ. ನಾನು ಮುಖ ತಿರುಗಿಸಿದೆ.

"ಮಷಿನ್ ನನಗೇನ ಹೊಡದಿಲ್ಲ. ತಾ, ಚಾವಿ ತಾ" ಎಂದ. ಉಡದಾರಕ್ಕೆ ಕಟ್ಟಿಕೊಂಡ, ಹೆಗಲ ತನಕ ಕೈ ಒಳಗೆ ಹಾಕಿದ. ಹುಲ್ಲು ಹಿಡಿ ಹಿಡಿಯಾಗಿ ಹೊರಬರತೊಡಗಿತು.

ಆಗ ಫೋನು ಬಂತು. ಕಂಪನಿಯವರು. ಬೆಂಗಳೂರಿನ ಕಡೆಯ ನಯವಾದ ಕನ್ನಡ. ಯಂತ್ರ ಸ್ಥಗಿತಗೊಂಡಿದೆ, ದೂರದಿಂದ ಪರೀಕ್ಷೆ ನಡೆಸಲು ಅನುಮತಿ ಇದೆಯೇ ಎಂದು ಏನೋ ಕೇಳಿದರು. ನನಗೆ ಅರ್ಧ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳಬಹುದಿತ್ತು. ಆದರೆ ಎದುರಿಗೆ ಯಜಮಾನ, ಪಕ್ಕದಲ್ಲಿ ಮಾಮ. ಹಾರ ಹಾಕಿಸಿಕೊಂಡವನು ನಾನು.

"ಹೂಂ ರಿ, ಮಾಡ್ರಿ" ಎಂದೆ, ದನಿಗೆ ತೂಕ ಕೊಟ್ಟು.

ಇಂಜಿನ್ ಚಾಲೂ ಆಯಿತು. ಡ್ರಮ್ ಹಸಿ ಹುಲ್ಲು ಜಗಿದ ಹಾಗೆ ಸದ್ದು ಮಾಡಿತು, ಆ ಸದ್ದು ಹುಲ್ಲಿನದಾಗಿರಲಿಲ್ಲ. ಮಾಮನ ಮುಖ ತಗಡಿಗೆ ಅಪ್ಪಳಿಸಿತು. ಬಂದ್ ಮಾಡಲೆಂದು ಜಿಗಿದೆ, ಚಾವಿ ಇರಬೇಕಾದಲ್ಲಿ ಚಾವಿ ಇರಲಿಲ್ಲ. ಡೀಸೆಲ್ ಪೈಪನ್ನು ಎರಡೂ ಕೈಯಿಂದ ಹಿಡಿದು ಕಿತ್ತೆ. ಇಂಜಿನ್ ಕೆಮ್ಮಿ ನಿಲ್ಲುವಷ್ಟರಲ್ಲಿ, ಮಷಿನ್‌ನ ಹಿಂದಿನ ಬಾಯಿಂದ ಕೆಂಪಾದ ಹುಲ್ಲು ಗದ್ದೆಗೆ ಬಿದ್ದಿತ್ತು.

ಗಂಗಾವತಿಯ ಆಸ್ಪತ್ರೆ, ಅಲ್ಲಿಂದ ಕೊಪ್ಪಳ. ಮೊಣಕೈ ಮೇಲಿಂದ ಕೈ ತೆಗೆದರು. ಪೊಲೀಸರು ಬಂದು ಕೇಳಿದಾಗ ಮಾಮ ಹೇಳಿದ್ದನ್ನು ಬಾಗಿಲ ಹೊರಗೆ ನಿಂತು ಕೇಳಿದೆ. "ಲಿವರ್ ತಗೀಲಾರ್ದ ಕೈ ಹಾಕೀನ್ರಿ. ತಪ್ಪ ನಂದ." ಕಂಪನಿಯವರೂ ಅದನ್ನೇ ಹೇಳಿ, ಹಣ್ಣಿನ ಬುಟ್ಟಿ ಇಟ್ಟು ಹೋದರು.

ಮುಂದೊಂದು ಮಧ್ಯಾಹ್ನ, ಅವನು ಮಲಗಿದ್ದ ಹೊರಸಿನ ಪಕ್ಕ ಕೂತಿದ್ದಾಗ ಕೇಳಿದ.

"ಅಳಿಯಾ, ಅವತ್ತ ಫೋನಿನ್ಯಾಗ ಯಾರಿದ್ರು?"

"ಮನಿಯಿಂದ ಬಂದಿತ್ತ, ಮಾಮಾ."

"ಹಾಂ" ಎಂದ. ಮತ್ತೆಂದೂ ಕೇಳಲಿಲ್ಲ. ಎರಡು ಸುಗ್ಗಿ ಕಳೆದ ಮೇಲೆ ತೀರಿಹೋದ.

ಈಗ ನಮ್ಮ ಕಡೆ ಡಬ್ಬಿ ಇಲ್ಲದ ಮಷಿನ್ ಇಲ್ಲ. ಕಂಪನಿ ಬಿಟ್ಟರೆ ಇಂಜಿನ್ ಏಳುತ್ತದೆ, ಬಿಡದಿದ್ದರೆ ಇಲ್ಲ. ಯಾರ ಗದ್ದೆಗೆ ಮೊದಲು ಹೋಗಬೇಕೆಂದೂ ಅವರೇ ಹೇಳುತ್ತಾರೆ. ಬೆಳೆದು ಬಾಗಿದ ಭತ್ತದ ಮುಂದೆ, ಬದುವಿನ ಮೇಲೆ ಫೋನು ನೋಡುತ್ತಾ ಕೂತಿರುತ್ತೇನೆ. ಮಂಟಪದಲ್ಲಿ ಮಾಮ ಕೇಳಿದ್ದಕ್ಕೆ ಉತ್ತರ ಇದು. ಹೊರಸಿನ ಮೇಲೆ ಕೇಳಿದ್ದಕ್ಕೆ ಉತ್ತರ ಕೊಡಬೇಕಾದವನು ನಾನು.

ಆ ವಾಸನೆ ಬಡಿದ ದಿನವೇ ಮಾಮನ ಮನೆಗೆ ಹೋದೆ. ಅವನ ಹೆಂಡತಿ, ನನಗೆ ಅತ್ತಿ, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಂದೂ ಬಿಡದೆ ಹೇಳಿದೆ. ಮೊರ ನಿಲ್ಲಲಿಲ್ಲ.

"ಗೊತ್ತೈತಿ" ಎಂದಳು. "ಕೈ ಹೋತಂದ್ರ ಕಿವಿನೂ ಹೋಗಿದ್ವೇನು? ನೀ ಹೂಂ ಅಂದದ್ದು ಅವರು ಕೇಳ್ಯಾರ."

"ಮತ್ತ ನನ್ನನ್ಯಾಕ ಕೇಳಿದ, ಅತ್ತಿ?"

"ನಮ್ಮ ಅಳಿಯಾ ಸಿಟ್ಟಿನಾಂವ ಖರೆ, ಆದ್ರ ಸುಳ್ಳ ಹೇಳಾಂವಲ್ಲ ಅಂತಿದ್ರು. ಅದನ್ನ ನೋಡಾಕ ಕೇಳಿದ್ರು."

ಅಷ್ಟು ಹೇಳಿ ಮೊರದೊಳಗಿನ ಕಲ್ಲು ಆರಿಸತೊಡಗಿದಳು. ನಾನು ಯಾರಿಗೆ ಹೇಳಬೇಕಿತ್ತೋ ಅವನು ಆ ಮನೆಯಲ್ಲಿ ಇರಲಿಲ್ಲ...