ಒಂಬತ್ತು ಮೆಟ್ಟಿಲ ಉಪ್ಪು

ಸಪ್ಪೆಯಕ್ಕ ಹೋಗಿ ಮುಂದಿನ ಸೋಮವಾರಕ್ಕೆ ನಾಲ್ಕು ತಿಂಗಳು. ಅವಳ ಬಿಳಿ ಕೋಟು ಇನ್ನೂ ಪ್ರಯೋಗಾಲಯದ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ತೆಗೆಯಬೇಕು ಎಂದು ಎಲ್ಲರೂ ಹೇಳುತ್ತಾರೆ, ಯಾರೂ ತೆಗೆಯುವುದಿಲ್ಲ. ಅದರ ಜೇಬಿನಲ್ಲಿ ಒಂದು ಮೊಂಡು ಪೆನ್ಸಿಲ್ಲು, ಕಾಗದದಲ್ಲಿ ಸುತ್ತಿದ ಅರ್ಧ ರಸ್ಕು ಇವೆ. ಉಪ್ಪಿಲ್ಲದ ರಸ್ಕು. ಒಂದು ಚಿಪ್ಸಿಗೂ ಇನ್ನೊಂದಕ್ಕೂ ನಡುವೆ ನಾಲಿಗೆ ತೊಳೆದುಕೊಳ್ಳಲು ಅವಳು ಅದನ್ನು ಕಡಿಯುತ್ತಿದ್ದಳು.

ನಮ್ಮದು ಕುರುಕಲು ತಿಂಡಿಯ ಕಾರ್ಖಾನೆ. ಆಲೂಗಡ್ಡೆ ಚಿಪ್ಸು, ಬಿಸ್ಕತ್ತು, ಮಕ್ಕಳು ಬೆರಳಿಗೆ ಸಿಕ್ಕಿಸಿಕೊಂಡು ತಿನ್ನುವ ಜೋಳದ ಕೊಳವೆ, ಇಂಥವು. ನಾನು ಪ್ಯಾಕೆಟ್ಟಿನ ಮೇಲಿನ ಅಕ್ಷರ ಬರೆಯುವವಳು. ಓದಿದ್ದು ಸಾಹಿತ್ಯ, ಇಪ್ಪತ್ತೆರಡು ವರ್ಷದಿಂದ ಬರೆದದ್ದು ‘ಇಲ್ಲಿ ಹರಿಯಿರಿ’. ಅದಕ್ಕೇ ಅವಳು ನನ್ನನ್ನು ನಿಘಂಟು ಎಂದು ಕರೆಯುತ್ತಿದ್ದಳು. ಅವಳಿಗೆ ಸಪ್ಪೆಯಕ್ಕ ಎಂಬ ಹೆಸರಿಟ್ಟದ್ದು ಕರಿಯುವ ವಿಭಾಗದವರು. ಅವಳು ಬಾಣಲೆಗಳ ಕಡೆ ಹೋದರೆ ಸಾಕು, “ಬಂತಪ್ಪಾ ಸಪ್ಪೆ, ಉಪ್ಪಿನ ಮೂಟೆ ಬಚ್ಚಿಡ್ರೋ” ಎಂದು ಕೂಗುತ್ತಿದ್ದರು. ಅವಳು ನಗುತ್ತಿದ್ದಳು. ಜೋರು ನಗೆಯಲ್ಲ, ಮೂಗಿನಿಂದ ಗಾಳಿ ಬಿಟ್ಟಷ್ಟು.

ತಿಂಡಿಯ ರುಚಿ ಕೆಡದಂತೆ ಅದರ ಕೆಡುಕನ್ನು ತಗ್ಗಿಸುವುದು ಅವಳ ಕೆಲಸ. ಬಿಸ್ಕತ್ತಿನಿಂದ ಒಂದಿಷ್ಟು ಸಕ್ಕರೆ ಕಳೆದು ಓಟ್ಸಿನ ಹಿಟ್ಟು ಸೇರಿಸಿದಳು. ಕೊಳವೆಗಳನ್ನು ಎಣ್ಣೆಯಲ್ಲಿ ಕರಿಯುವ ಬದಲು ಒಲೆಯ ಬಿಸಿಗಾಳಿಯಲ್ಲಿ ಬೇಯಿಸಿದಳು. ಕೊಳವೆಗಳು ರಟ್ಟಿನಂತಾದವು, ಮಾರುಕಟ್ಟೆಯಿಂದ ಲಾರಿಗಟ್ಟಲೆ ವಾಪಸ್ಸು ಬಂದವು. “ರಟ್ಟು ಒಳಗೆ ಹಾಕಿ ತಿಂಡಿ ಹೊರಗೆ ಅಂಟಿಸಿದ್ರಾ?” ಎಂದು ಉಗ್ರಾಣದವರು ಕೇಳಿದ್ದನ್ನು ಅವಳೇ ನನಗೆ ಹೇಳಿ ನಕ್ಕಿದ್ದಳು. ಆದರೆ ಅವಳ ಜೀವವೆಲ್ಲ ಇದ್ದದ್ದು ಚಿಪ್ಸಿನ ಉಪ್ಪಿನಲ್ಲಿ. ಅದಕ್ಕೆ ಕಾರಣ ಅವಳ ಅಣ್ಣ.

ಅಣ್ಣ ಬಸ್ಸು ರಿಪೇರಿ ಮಾಡುವ ಡಿಪೋದಲ್ಲಿ ಮೆಕ್ಯಾನಿಕ್ಕು. ಹೆಂಡತಿ ತೀರಿಕೊಂಡ ಮೇಲೆ ತಂಗಿಯ ಜೊತೆ ಎರಡು ಕೋಣೆಯ ಮನೆಯಲ್ಲಿ ಇದ್ದ. ಅವಳು ಮದುವೆಯಾಗಲಿಲ್ಲ. ರಕ್ತದೊತ್ತಡ ಏರಿ ಒಂದು ಸಲ ಡಿಪೋದಲ್ಲೇ ಬಸ್ಸಿನ ಕೆಳಗೆ ಮಲಗಿದವನು ಏಳಲಿಲ್ಲ. ಎಳೆದು ಹೊರಗೆ ತಂದರು, ಬದುಕಿದ. ಎಡಗೈಯ ಎರಡು ಬೆರಳು ಮಾತ್ರ ಸ್ವಾಧೀನಕ್ಕೆ ಬರಲಿಲ್ಲ. ಉಪ್ಪು ಬಿಡದಿದ್ದರೆ ಮುಂದಿನ ಸಲ ಎಳೆದು ತರುವುದಕ್ಕೆ ಏನೂ ಉಳಿದಿರುವುದಿಲ್ಲ ಎಂದು ಡಾಕ್ಟರು ತಂಗಿಗೆ ಹೇಳಿದರು. ಅಣ್ಣನಿಗೂ ಹೇಳಿದರು. ಅವನು ಆಸ್ಪತ್ರೆಯ ಮೆಟ್ಟಿಲಿಳಿದವನೇ ಎದುರಿನ ಅಂಗಡಿಯಲ್ಲಿ ಒಂದು ಪ್ಯಾಕೆಟ್ಟು ಚಿಪ್ಸು ಕೊಂಡ. ನಮ್ಮದೇ ಕಾರ್ಖಾನೆಯದು.

ದಿನಕ್ಕೆ ಎರಡು ಪ್ಯಾಕೆಟ್ಟು. ಒಂದು ಕೆಲಸ ಮುಗಿದಾಗ, ಇನ್ನೊಂದು ಟಿವಿ ಮುಂದೆ. ಅಡುಗೆಯಲ್ಲಿ ಅವಳು ಚಿಟಿಕೆ ಕಡಿಮೆ ಮಾಡಿದರೂ ಮೊದಲ ತುತ್ತಿಗೇ ಪತ್ತೆ ಹಚ್ಚಿ ಉಪ್ಪಿನ ಡಬ್ಬಿ ಎಳೆದುಕೊಳ್ಳುತ್ತಿದ್ದ.

“ನಾನು ಹೇಳಿದ್ರೆ ಕೇಳಲ್ಲ ಕಣೇ,” ಎಂದಳು ಒಂದು ದಿನ, ಊಟದ ಡಬ್ಬಿ ಮುಚ್ಚುತ್ತ. “ಚಿಪ್ಸ್ ಹೇಳಿದ್ರೆ ಕೇಳ್ತಾನೆ.”

ಅಲ್ಲಿಂದ ಮೆಟ್ಟಿಲು ಇಳಿಯುವ ಕೆಲಸ ಶುರುವಾಯಿತು. ಅವಳು ಅದನ್ನು ಮೆಟ್ಟಿಲು ಎಂದೇ ಕರೆಯುತ್ತಿದ್ದಳು. ಇದ್ದ ಉಪ್ಪಿನಲ್ಲಿ ನೂರಕ್ಕೆ ನಾಲ್ಕು ಪಾಲು ಕಳೆದರೆ ಒಂದು ಮೆಟ್ಟಿಲು. ಆರು ತಿಂಗಳಿಗೆ ಒಂದೇ ಮೆಟ್ಟಿಲು, ಅದಕ್ಕಿಂತ ಬೇಗ ಇಳಿಯುವಂತಿಲ್ಲ. ಅಷ್ಟರಲ್ಲಿ ತಿನ್ನುವವರ ನಾಲಿಗೆ ಹೊಸ ಉಪ್ಪಿಗೆ ಒಗ್ಗಿ ಹಳೆಯದನ್ನು ಮರೆಯಬೇಕು. ಉಪ್ಪನ್ನು ಹಿಟ್ಟಿನಷ್ಟು ನುಣ್ಣಗೆ ಅರೆಸಿದಳು. ಹರಳು ಸಣ್ಣದಾದಷ್ಟೂ ನಾಲಿಗೆ ಮೇಲೆ ಬೇಗ ಕರಗುತ್ತದೆ, ಕಡಿಮೆ ಇದ್ದರೂ ಇದ್ದಷ್ಟೇ ಅನ್ನಿಸುತ್ತದೆ.

ಒಂದೊಂದು ಮೆಟ್ಟಿಲಿಗೂ ಮೂರು ಬಟ್ಟಲಿನ ಪರೀಕ್ಷೆ. ಕಾರ್ಖಾನೆಯ ಬೇರೆ ಬೇರೆ ವಿಭಾಗದ ಹನ್ನೆರಡು ಜನ ಗೂಡಿನಂಥ ಪುಟ್ಟ ಕೋಣೆಗಳಲ್ಲಿ ಕೂರುತ್ತಾರೆ. ಬಣ್ಣ ಕಾಣದಂತೆ ಕೆಂಪು ದೀಪ. ಗೋಡೆಯ ಕಿಂಡಿಯಿಂದ ಮೂರು ಬಟ್ಟಲು ಬರುತ್ತವೆ. ಎರಡರಲ್ಲಿ ಒಂದೇ ಬಗೆ, ಮೂರನೆಯದು ಬೇರೆ. ಬೇರೆಯದು ಯಾವುದೆಂದು ಚೀಟಿಯಲ್ಲಿ ಬರೆಯಬೇಕು. ಕಣ್ಣುಮುಚ್ಚಿ ಊಹಿಸಿದರೆ ಸಿಗುವುದಕ್ಕಿಂತ ಹೆಚ್ಚು ಜನ ಸರಿಯಾಗಿ ಬರೆದರೆ ಮೆಟ್ಟಿಲು ಬಿತ್ತು, ಮತ್ತೆ ಅರೆಯಬೇಕು. ಯಾರಿಗೂ ಗೊತ್ತಾಗದಿದ್ದರೆ ಗೆದ್ದಂತೆ. ಯಾರಿಗೂ ಗೊತ್ತಾಗದಿರಲಿ ಎಂದು ಇಷ್ಟು ಕಷ್ಟಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಗೆದ್ದ ದಿನ ನನ್ನ ಮೇಜಿಗೆ ಬರುತ್ತಿದ್ದಳು. “ನಿಘಂಟು, ಹಿಂದಿನ ಅಂಕಿ ಬದಲಾಯಿಸು.” ಪ್ಯಾಕೆಟ್ಟಿನ ಹಿಂಬದಿಯಲ್ಲಿ ಇರುವೆ ಸಾಲಿನಂಥ ಕೋಷ್ಟಕ ಇರುತ್ತದಲ್ಲ, ಅದರಲ್ಲಿ ಉಪ್ಪಿನ ಅಂಕಿ. ಒಂಬತ್ತು ಸಲ ಬದಲಾಯಿಸಿದೆ. ಪ್ರಯೋಗಾಲಯದ ಮುಖ್ಯಸ್ಥರು ಸಹಿ ಹಾಕುತ್ತಿದ್ದರು. ಮಾರಾಟದವರು ಹಿಂಬದಿ ಓದುತ್ತಿರಲಿಲ್ಲ, ಯಾರೂ ಓದುತ್ತಿರಲಿಲ್ಲ. ನಾಲ್ಕೂವರೆ ವರ್ಷದಲ್ಲಿ ಮೂರರಲ್ಲಿ ಸುಮಾರು ಒಂದು ಪಾಲು ಉಪ್ಪು ಇಳಿದಿತ್ತು. ದೂರು ಒಂದೂ ಬರಲಿಲ್ಲ. ಅಣ್ಣ ಎರಡು ಪ್ಯಾಕೆಟ್ಟು ತಿನ್ನುತ್ತಲೇ ಇದ್ದ. ಅವನ ಒತ್ತಡ ಒಂದಿಷ್ಟು ತಗ್ಗಿತ್ತು. ಮಾತ್ರೆಯಿಂದಲೋ ಚಿಪ್ಸಿನಿಂದಲೋ ಹೇಳಲಾಗದು ಎಂದು ಅವಳೇ ಅನ್ನುತ್ತಿದ್ದಳು. ಅಂದರೂ ಪ್ರತಿ ತಿಂಗಳ ಅಂಕಿಯನ್ನು ನನಗೆ ಒಪ್ಪಿಸುತ್ತಿದ್ದಳು.

ಮುಂದಿನದು ನನ್ನ ಕೈಯ ಕೆಲಸ.

ಆ ವರ್ಷದ ಸಭೆಯಲ್ಲಿ ಬಿಸ್ಕತ್ತಿನವನೊಬ್ಬನಿಗೆ ಬಹುಮಾನ ಕೊಟ್ಟರು. ಎರಡು ಬಿಸ್ಕತ್ತಿನ ನಡುವೆ ಒಂದೇ ಬಣ್ಣವಿದ್ದ ಕ್ರೀಮನ್ನು ಎರಡು ಬಣ್ಣ ಮಾಡಿದ್ದ, ಅಷ್ಟೇ. ಸಪ್ಪೆಯಕ್ಕ ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಳು. ನನ್ನ ಹೊಟ್ಟೆ ಉರಿಯಿತು. ಚಹಾದ ಹೊತ್ತಿನಲ್ಲಿ ಮಾರಾಟದ ಸಾಹೇಬರ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ.

“ಅಯ್ಯೋ, ಇಂಥಾ ಚಿನ್ನದಂಥ ಸುದ್ದಿ ಇಟ್ಕೊಂಡು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ?” ಎಂದರು ಅವರು. “ಮುಂದುಗಡೆ ಹಾಕೋಣ. ದೊಡ್ಡದಾಗಿ, ಹಸಿರಲ್ಲಿ. ನೀವೇ ಬರೀರಿ.”

ಮಾರನೆಯ ದಿನ ಅವಳು ನನ್ನ ಮೇಜಿನ ಮುಂದೆ ನಿಂತಳು. ಕೋಟು ಕೂಡ ತೆಗೆದಿರಲಿಲ್ಲ.

“ಬೇಡ ಕಣೇ. ಕೈ ಮುಗೀತೀನಿ, ಮುಂದುಗಡೆ ಬೇಡ.”

“ಯಾಕೆ? ನೀನು ಮಾಡಿದ್ದು ಜನಕ್ಕೆ ಗೊತ್ತಾಗ್ಬಾರ್ದಾ?”

“ಹಿಂದುಗಡೆ ಬರ್ದಿದ್ದೀವಲ್ಲ. ಸುಳ್ಳು ಹೇಳಿಲ್ಲ, ಮುಚ್ಚಿಟ್ಟಿಲ್ಲ. ಕೂಗಬೇಡ ಅಷ್ಟೆ. ಜನ ಮೊದ್ಲು ಕಣ್ಣಲ್ಲಿ ತಿಂತಾರೆ, ಆಮೇಲೆ ಬಾಯಲ್ಲಿ.”

“ನಿನಗೆ ನಿನ್ನ ಬೆಲೆ ಗೊತ್ತಿಲ್ಲ,” ಎಂದೆ. ಆ ಮಾತು ಹೇಳುವಾಗ ನನಗೆ ಬಹಳ ಹೆಮ್ಮೆಯಾಗಿತ್ತು. ‘ಉಪ್ಪು ಶೇಕಡಾ ಮೂವತ್ತು ಕಡಿಮೆ, ರುಚಿ ಕಿಂಚಿತ್ತೂ ಕಡಿಮೆಯಿಲ್ಲ’ ಎಂದು ಬರೆದೆ. ನಾನು ಬರೆದದ್ದರಲ್ಲೆಲ್ಲ ಒಳ್ಳೆಯ ಸಾಲು ಎಂದುಕೊಂಡೆ.

ಹೊಸ ಪ್ಯಾಕೆಟ್ಟು ಅಚ್ಚಾಗಿ ಬಂದ ಭಾನುವಾರ ನಾನೇ ಒಂದನ್ನು ತೆಗೆದುಕೊಂಡು ಅವಳ ಮನೆಗೆ ಹೋದೆ. ಅಡುಗೆಮನೆಯ ಮೇಜಿನ ಹತ್ತಿರ ಅಣ್ಣ ರೇಡಿಯೊ ಬಿಚ್ಚಿಕೊಂಡು ಕೂತಿದ್ದ. ಪ್ಯಾಕೆಟ್ಟಿನ ಹಸಿರು ಅಕ್ಷರವನ್ನು ಕನ್ನಡಕ ಎತ್ತಿ ಓದಿದ. ಒಂದು ಚಿಪ್ಸು ಬಾಯಿಗೆ ಹಾಕಿಕೊಂಡ. ಮುಖ ಕಿವುಚಿದ.

“ಥೂ, ಹುಲ್ಲು ತಿಂದಂಗಿದೆ.”

ಅವಳು ಕಪಾಟಿನಿಂದ ಹಳೆಯ ಹೊದಿಕೆಯ ಪ್ಯಾಕೆಟ್ಟು ತಂದು ಪಕ್ಕಕ್ಕಿಟ್ಟಳು. ಅವನು ಅದರಿಂದ ಒಂದು ತಿಂದ. “ಹಾಂ, ಇದು. ಇದು ಚಿಪ್ಸು ಅಂದ್ರೆ.”

“ಎರಡೂ ಒಂದೇ ಅಣ್ಣ. ಒಂದೇ ದಿನ ಕರಿದಿದ್ದು. ಹೊದಿಕೆ ಮಾತ್ರ ಬೇರೆ.”

“ಯಾರಿಗೆ ಹೇಳ್ತೀಯ? ನಲವತ್ತು ವರ್ಷದಿಂದ ಚಿಪ್ಸು ತಿಂದ ನಾಲಿಗೆ ಇದು. ನಿಮ್ಮ ಕಾರ್ಖಾನೆಯವರು ಉಪ್ಪಿನಲ್ಲೂ ಕದಿಯೋಕೆ ಶುರು ಮಾಡಿದ್ರಾ?” ಎಂದು ಕೈ ಚಾಚಿ ಉಪ್ಪಿನ ಡಬ್ಬಿ ತೆಗೆದ. ಹೊಸ ಪ್ಯಾಕೆಟ್ಟಿನೊಳಗೆ ಒಂದು ಚಮಚ ಸುರಿದ. ಬಾಯಿ ಮುಚ್ಚಿ ಗಿಲಕಿಯಂತೆ ಅಲ್ಲಾಡಿಸಿದ. “ಈಗ ನೋಡು,” ಎಂದು ನನ್ನ ಕಡೆಗೂ ಚಾಚಿದ.

ಸಪ್ಪೆಯಕ್ಕ ನನ್ನನ್ನು ನೋಡಲಿಲ್ಲ. ಡಬ್ಬಿಯ ಮುಚ್ಚಳವನ್ನೇ ನೋಡುತ್ತಿದ್ದಳು.

ಅಣ್ಣ ಮಾಡಿದ್ದನ್ನೇ ಊರೆಲ್ಲ ಮಾಡಿತು. ಎರಡು ತಿಂಗಳಲ್ಲಿ ದೂರಿನ ಕಾಗದ ಒಂದು ರಟ್ಟಿನ ಪೆಟ್ಟಿಗೆ ತುಂಬಿತು. ‘ಮೊದಲಿನ ರುಚಿ ಎಲ್ಲಿ ಹೋಯಿತು?’ ‘ಆಸ್ಪತ್ರೆಯ ಊಟ ಮಾರುತ್ತಿದ್ದೀರಾ?’ ತಿಂಗಳುಗಟ್ಟಲೆ ಅದನ್ನೇ ಚಪ್ಪರಿಸಿ ತಿಂದವರು ಅವರು. ಮಾರಾಟ ಬಿತ್ತು. ಮೂರನೆಯ ತಿಂಗಳು ಸಾಹೇಬರು ಹಳೆಯ ಪಾಕವನ್ನು ವಾಪಸ್ಸು ತರಿಸಿದರು. ತೀರಾ ಹಳೆಯದು, ಒಂಬತ್ತು ಮೆಟ್ಟಿಲಿಗೂ ಮುಂಚಿನದು. ‘ಮತ್ತೆ ಬಂತು ಅದೇ ರುಚಿ’ ಎಂದು ನನ್ನ ಕೈಯಿಂದಲೇ ಬರೆಸಿದರು. ನಾಲ್ಕೂವರೆ ವರ್ಷ ಇಳಿದದ್ದನ್ನು ಒಂದು ಮಂಗಳವಾರ ಬೆಳಗ್ಗೆ, ಉಪ್ಪು ಉದುರಿಸುವ ಯಂತ್ರದ ತಿರುಗಣೆಯನ್ನು ಒಬ್ಬ ಎರಡು ಸುತ್ತು ತಿರುಗಿಸಿ ಹತ್ತಿಸಿಬಿಟ್ಟ.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ಉಪ್ಪು ಹಾಕಿಸಿದವಳು ನಾನು, ತಿನ್ನುವವನು ಅವಳ ಅಣ್ಣ.

ಹನ್ನೊಂದು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಜಗಳವಿಲ್ಲ, ಕೊಂಕಿಲ್ಲ. ಊಟದ ಹೊತ್ತಿಗೆ ಬೇರೆ ಮೇಜು, ಅಷ್ಟೇ. ಕ್ಷಮೆ ಕೇಳುವುದಕ್ಕೆ ನಾನು ಒಂದು ಕಾಗದ ಬರೆದೆ, ಹರಿದೆ. ಅಕ್ಷರದಿಂದಲೇ ಕೆಡಿಸಿದ್ದನ್ನು ಅಕ್ಷರದಿಂದ ಸರಿಮಾಡಲು ಹೊರಟದ್ದಕ್ಕೆ ನನಗೇ ನಾಚಿಕೆಯಾಯಿತು. ಹನ್ನೆರಡನೆಯ ದಿನ ತನ್ನ ಡಬ್ಬಿ ತಂದು ನನ್ನೆದುರು ಇಟ್ಟು ಕೂತಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

“ಮೂರು ಬಟ್ಟಲಿಗೆ ಒಬ್ಬರು ಕಮ್ಮಿ ಇದ್ದಾರೆ,” ಎಂದಳು. “ನಂಗೆ ನಿನ್ನ ಕೈ ಬೇಡ ನಿಘಂಟು. ನಿನ್ನ ಬಾಯಿ ಬೇಕು. ತಿನ್ನೋಕೆ. ಮಾತಾಡೋಕಲ್ಲ.”

“ಮತ್ತೆ ಶುರು ಮಾಡ್ತೀಯಾ?”

“ಮತ್ತೆ ಒಂದರಿಂದ. ಇನ್ನೇನು ಮಾಡ್ಲಿ? ಅವನು ತಿನ್ನೋದು ಬಿಡ್ತಾನಾ?”

ಮುಖ್ಯಸ್ಥರು ಮತ್ತೆ ಸಹಿ ಹಾಕಲು ಒಪ್ಪಿದ್ದರು, ಮುಂಬದಿಯ ಹತ್ತಿರ ಯಾರೂ ಸುಳಿಯಬಾರದು ಎಂಬ ಕರಾರಿನ ಮೇಲೆ. ಆಗ ಅವಳಿಗೆ ಐವತ್ತನಾಲ್ಕು. ಒಂಬತ್ತು ಮೆಟ್ಟಿಲು ಮುಗಿಯುವಷ್ಟರಲ್ಲಿ ನಿವೃತ್ತಿ. ಲೆಕ್ಕ ಸರಿಹೋಗುತ್ತದೆ ಎಂದಳು. ಮೊದಲಿನ ಹುರುಪು ಇರಲಿಲ್ಲ. ಹೆಗಲ ಮೇಲೆ ಹೊತ್ತದ್ದು ಜಾರಿ ಬಾವಿಗೆ ಬಿದ್ದರೆ ಮತ್ತೆ ಹಗ್ಗ ಹಿಡಿದು ಇಳಿಯುವವರ ಹಾಗೆ ಕೆಲಸ ಮಾಡಿದಳು. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕೂತು ನಿದ್ದೆಹೋಗುತ್ತಿದ್ದಳು. ಅವಳ ನಿಲ್ದಾಣ ಬಂದಾಗ ನಾನು ಎಬ್ಬಿಸುತ್ತಿದ್ದೆ. ನಾಲಿಗೆಯೂ ದಣಿದಿತ್ತು. “ಎಲ್ಲಾ ಒಂದೇ ಥರ ಅನ್ಸತ್ತೆ ಕಣೇ ಈಗ, ರಸ್ಕು ಕೂಡ,” ಎಂದಿದ್ದಳು ಒಮ್ಮೆ.

ಒಂದೂವರೆ ವರ್ಷದಲ್ಲಿ ಮೂರು ಮೆಟ್ಟಿಲು ಇಳಿದಿದ್ದೆವು. ನಾಲ್ಕನೆಯದಕ್ಕೆ ಉಪ್ಪು ಅರೆಸಿಟ್ಟಿದ್ದಳು. ಐದು ದಿನ ಜ್ವರ ಬಂತು, ಎದೆಗೆ ಇಳಿಯಿತು, ಹೋದಳು. ಅದರಲ್ಲಿ ಹುಡುಕಿದರೆ ಸಿಗುವ ಅರ್ಥ ಏನೂ ಇಲ್ಲ. ನಾನು ಬಹಳ ಹುಡುಕಿದೆ.

ಕಳೆದ ವಾರ ಅಣ್ಣನನ್ನು ನೋಡಲು ಹೋದೆ. ಅವಳಿದ್ದಾಗ ಒರೆಸಿ ಒರೆಸಿ ಹೊಳೆಯುತ್ತಿದ್ದ ಮೇಜಿನ ಮೇಲೆ ಬಸ್ಸಿನ ಯಾವುದೋ ಬಿಡಿಭಾಗ, ಗ್ರೀಸು, ತೊಳೆಯದ ತಟ್ಟೆ. ಉಪ್ಪಿನ ಡಬ್ಬಿ ಕೈಗೆಟುಕುವಲ್ಲೇ ಇತ್ತು. ಅದರ ಪಕ್ಕ ನಮ್ಮ ಪ್ಯಾಕೆಟ್ಟು.

“ಬಾಮ್ಮ ನಿಘಂಟು, ಕೂತ್ಕೋ,” ಎಂದ. ಅವಳ ಬಾಯಿಂದ ಕೇಳಿ ಕೇಳಿ ಅವನಿಗೂ ಅದೇ ನನ್ನ ಹೆಸರು. ಪ್ಯಾಕೆಟ್ಟನ್ನು ನನ್ನ ಕಡೆ ತಳ್ಳಿದ. “ತಗೋ. ಆ ಹಸಿರು ಅಕ್ಷರದ ದರಿದ್ರ ಹೋದ್ಮೇಲೆ ಇದು ಸರಿಯಾಯ್ತು. ಮೊದಲಿನ ರುಚಿ ಬಂದಿದೆ. ಉಪ್ಪು ಮೇಲೆ ಹಾಕ್ಕೊಳ್ಳೋದೇ ಬೇಡ.”

ಅದು ಮೂರು ಮೆಟ್ಟಿಲು ಕೆಳಗಿನ ಉಪ್ಪು. ಹಿಂಬದಿಯ ಅಂಕಿಯನ್ನು ನಾನೇ ಮೂರು ಸಲ ಬದಲಾಯಿಸಿದ್ದೆ.

ನಿನ್ನ ತಂಗಿ ಮಾಡಿದ್ದು ಇದು, ನಿನ್ನೊಬ್ಬನಿಗಾಗಿ ಮಾಡಿದ್ದು, ಎರಡು ಸಲ ಮಾಡಿದ್ದು, ಎಂದು ಹೇಳಿಬಿಡಬೇಕು ಅನ್ನಿಸಿತು. ಅವಳಿಗಾಗಿ ಯಾರಾದರೂ ಒಮ್ಮೆ ಚಪ್ಪಾಳೆ ತಟ್ಟಲಿ ಅನ್ನುವ ಹಳೆಯ ಹಟ. ಡಬ್ಬಿಯ ಕಡೆ ನೋಡಿದೆ. ಅದರ ಮುಚ್ಚಳದ ಮೇಲೆ ಧೂಳು ಕೂತಿತ್ತು.

ಒಂದು ಚಿಪ್ಸು ತೆಗೆದು ತಿಂದೆ.

“ಹೆಂಗಿದೆ?”

“ಮೊದಲಿನ ಥರಾನೇ ಇದೆ,” ಎಂದೆ.

“ಮತ್ತೆ! ನನ್ನ ನಾಲಿಗೆಗೆ ಮೋಸ ಮಾಡೋಕಾಗಲ್ಲ.” ಎರಡು ತಿಂದ. ಮೂರನೆಯದನ್ನು ಪ್ಯಾಕೆಟ್ಟಿಗೇ ವಾಪಸ್ಸು ಹಾಕಿದ. “ಅವಳಿದ್ದಾಗ ದಿನಕ್ಕೆ ಎರಡು ಪ್ಯಾಕೆಟ್ ಮುಗಿಸ್ತಿದ್ದೆ. ಬೈಯ್ತಿದ್ಲು, ತಿಂತಿದ್ದೆ. ಈಗ ಒಂದೂ ಮುಗಿಯಲ್ಲ.” ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಹುಡುಕಿ, ಸ್ವಾಧೀನವಿಲ್ಲದ ಬೆರಳುಗಳಲ್ಲಿ ಹೆಣಗಿ, ಅರ್ಧ ಪ್ಯಾಕೆಟ್ಟಿನ ಬಾಯಿಗೆ ಸಿಕ್ಕಿಸಿದ. ಅಂಥ ಇನ್ನೂ ಎರಡು ಅರ್ಧ ಪ್ಯಾಕೆಟ್ಟು ಕಪಾಟಿನಲ್ಲಿದ್ದವು.

ಪ್ಯಾಕೆಟ್ಟಿನ ಹೆಸರನ್ನು ಪತ್ರಿಕೆಗೆ ಕೊಡುವ ಈ ಬರಹದಲ್ಲಿ ನಾನು ಬರೆಯುವುದಿಲ್ಲ. ಅಣ್ಣ ಪತ್ರಿಕೆಯಲ್ಲಿ ಆಟದ ಪುಟ ಬಿಟ್ಟು ಬೇರೇನೂ ಓದುವುದಿಲ್ಲ, ಆದರೂ ಬರೆಯುವುದಿಲ್ಲ. ಸೋಮವಾರ ನಾಲ್ಕನೆಯ ಮೆಟ್ಟಿಲು. ಅವಳು ಅರೆಸಿಟ್ಟ ಉಪ್ಪು ಗಾಜಿನ ಸೀಸೆಯಲ್ಲಿ ಹಾಗೇ ಇದೆ, ಮುಖ್ಯಸ್ಥರು ಅದನ್ನೇ ಬಳಸುತ್ತಾರಂತೆ. ಹತ್ತು ಗಂಟೆಗೆ ಗೂಡಿನಲ್ಲಿ ಕೂರಬೇಕು. ಬೆಳಗ್ಗೆ ಕಾಫಿ ಕುಡಿಯುವಂತಿಲ್ಲ.